ಹತ್ತೊಂಬತ್ತನೆಯ ಕಲಮು

ಆ ಮರದ ಪಟ್ಟಿಯನ್ನು ಅವನು ಸೋಮವಾರ ಸಂಜೆಯೇ ನೋಡಿದ್ದ. ಸೇತುವೆ ಇಳಿದು ರಸ್ತೆ ತಿರುಗುವಲ್ಲಿ ನಟ್ಟನಡುವೆ ಬಿದ್ದಿತ್ತು. ಯಾವುದೋ ಲಾರಿಯಿಂದ ಉದುರಿದ ಪೆಟ್ಟಿಗೆಯ ತುಂಡು, ಒಂದು ಮೊಳ ಉದ್ದ, ಮೂರು ಮೊಳೆಗಳು ಮೇಲಕ್ಕೆ ಮುಖ ಮಾಡಿಕೊಂಡು. ಮುಂದಿನ ಸ್ಕೂಟರಿನವನು ಅದನ್ನು ತಪ್ಪಿಸಿ ಹೋದ, ಅವನ ಹಿಂದೆ ಇವನೂ ತಪ್ಪಿಸಿದ, ಇವನ ಹಿಂದಿನವರು ಇವನನ್ನು ನೋಡಿ ತಪ್ಪಿಸಿದರು. ಮಂಗಳವಾರ ಎರಡು ಹೊತ್ತೂ ಅದು ಅಲ್ಲೇ ಇತ್ತು. ಅಷ್ಟು ಹೊತ್ತಿಗೆ ಊರಿನವರೆಲ್ಲ ಅದನ್ನು ಬಳಸಿಕೊಂಡು ಹೋಗುವುದನ್ನು ಎಷ್ಟು ಚೆನ್ನಾಗಿ ಕಲಿತಿದ್ದರೆಂದರೆ, ರಸ್ತೆ ಮಾಡಿದವರೇ ಅದನ್ನು ಅಲ್ಲಿಟ್ಟು ಹೋದಂತೆ ಕಾಣುತ್ತಿತ್ತು. ಯಾರಾದರೂ ತೆಗೆದಾರು ಎಂದುಕೊಂಡಿದ್ದ. ಈ ಯಾರಾದರೂ ಎನ್ನುವ ಪುಣ್ಯಾತ್ಮ ಯಾರು, ಅವನಿಗೆ ಬೇರೆ ಕೆಲಸವಿಲ್ಲವೇ ಎಂದು ಕೇಳಿಕೊಂಡಿರಲಿಲ್ಲ. ಬುಧವಾರ ಬೆಳಿಗ್ಗೆ ಹತ್ತಕ್ಕೆ ಐದು ನಿಮಿಷವಿರುವಾಗ, 'ಕೈಯಾರೆ ಎಳೆದು ಪರೀಕ್ಷಿಸಿದ್ದೇನೆ' ಎಂಬ ಮಾತನ್ನು ಹತ್ತನೆಯ ಸಲವೋ ಹನ್ನೊಂದನೆಯ ಸಲವೋ ತುಟಿ ಅಲ್ಲಾಡಿಸದೆ ಹೇಳಿಕೊಳ್ಳುತ್ತ ಸೇತುವೆ ಇಳಿದವನಿಗೆ ಪಟ್ಟಿ ಕಣ್ಣಿಗೇ ಬೀಳಲಿಲ್ಲ. ಕೆಳಗೆ ಟಪ್ಪೆಂದಿತು. ಕಾರು ಒಂದು ಪಕ್ಕಕ್ಕೆ ಕುಂಟತೊಡಗಿತು. ಪಕ್ಕಕ್ಕೆ ಎಳೆದು ನಿಲ್ಲಿಸಿ, ಕೈಬ್ರೇಕ್ ಹಾಕಿ, ಸ್ವಲ್ಪ ಹೊತ್ತು ಸ್ಟಿಯರಿಂಗ್ ಹಿಡಿದುಕೊಂಡೇ ಕೂತ.

ಹನ್ನೊಂದಕ್ಕೆ ವಿಚಾರಣೆ. ಹೊರಡುವಾಗ ಹೆಂಡತಿ ಬಾಗಿಲವರೆಗೆ ಬಂದಿದ್ದಳು. 'ರೀ, ಅದನ್ನೇ ತಲೇಲಿ ಇಟ್ಕೊಂಡು ಗಾಡಿ ಓಡಿಸ್ಬೇಡಿ,' ಎಂದಿದ್ದಳು. 'ನೀವೇನು ತಪ್ಪು ಮಾಡಿದ್ದೀರಾ? ಯಾರ ಕೈಯಿಂದ್ಲಾದ್ರೂ ಒಂದು ಲೋಟ ನೀರು ಕುಡಿದಿದ್ದೀರಾ?' ಇಲ್ಲ, ಕುಡಿದಿರಲಿಲ್ಲ. ಇಪ್ಪತ್ತೆರಡು ವರ್ಷ ಈ ಊರಿನಲ್ಲಿ ಚಾಲನಾ ಪರವಾನಗಿಯ ಪರೀಕ್ಷಕನಾಗಿದ್ದು, ಮನೆಗೆ ಬಂದ ಹಣ್ಣಿನ ಬುಟ್ಟಿಯನ್ನೂ ಬಂದ ದಾರಿಯಲ್ಲೇ ವಾಪಸು ಕಳಿಸಿದವನು. ಪರೀಕ್ಷೆಯ ಮೈದಾನದಲ್ಲಿ ಸುಣ್ಣದ ಗೆರೆ ಎಳೆಸಿ, ಚಕ್ರ ಗೆರೆ ಮುಟ್ಟಿದರೆ ಮಂತ್ರಿಯ ಅಳಿಯನಾದರೂ ಸರಿ ಫೇಲು ಎನ್ನುತ್ತಿದ್ದವನು. ಬೆನ್ನ ಹಿಂದೆ ಅವನಿಗೆ ಗೆರೆ ಸಾಹೇಬ ಎಂದು ಹೆಸರಿತ್ತು. ಅದು ಅವನ ಕಿವಿಗೆ ಬಿದ್ದಾಗೆಲ್ಲ ಕೇಳದವನಂತೆ ಇರುತ್ತಿದ್ದ, ಆದರೆ ಆ ದಿನ ಊಟ ಸ್ವಲ್ಪ ರುಚಿಯಾಗಿರುತ್ತಿತ್ತು. ಮುಟ್ಟದ ಕೈ, ಶುದ್ಧ ಕೈ. ಆ ಕೈ ಈಗ ಸ್ಟಿಯರಿಂಗಿನ ಮೇಲೆ ಬೆವರುತ್ತಿತ್ತು.

ಇಳಿದು ಡಿಕ್ಕಿ ತೆಗೆದ. ಸ್ಟೆಪ್ನಿ ಇತ್ತು, ಜಾಕ್ ಇತ್ತು, ಸ್ಪ್ಯಾನರ್ ಇತ್ತು. ಜಾಕ್ ಇನ್ನೂ ಕಂಪನಿಯವರು ಸುತ್ತಿಕೊಟ್ಟ ಪ್ಲಾಸ್ಟಿಕ್ಕಿನಲ್ಲೇ ಇತ್ತು. ಆಗ ಒಂದು ವಿಷಯ ಅವನಿಗೆ ಹೊಳೆಯಿತು, ಹೊಳೆದು ನಾಚಿಕೆಯಾಯಿತು: ಅವನು ತನ್ನ ಜೀವಮಾನದಲ್ಲಿ ಒಂದು ಚಕ್ರವನ್ನೂ ಬಿಚ್ಚಿದವನಲ್ಲ. ಯಾವಾಗಲೂ ಯಾರೋ ಒಬ್ಬರು ಇರುತ್ತಿದ್ದರು, ಕಚೇರಿಯ ಡ್ರೈವರ್, ಪಂಕ್ಚರ್ ಅಂಗಡಿಯವನು, ದಾರಿಯಲ್ಲಿ ಗುರುತು ಹಿಡಿದು ಓಡಿಬಂದ ಯಾರೋ ಪಾಸಾದವನು. ಹಾಗಿದ್ದೂ ಪ್ರತಿಯೊಬ್ಬ ಅಭ್ಯರ್ಥಿಗೂ ಅವನು ಕೇಳುವ ಮೊದಲ ಪ್ರಶ್ನೆ ಇದೇ. 'ದಾರೀಲಿ ಪಂಕ್ಚರ್ ಆಯ್ತು. ಏನು ಮಾಡ್ತೀಯ? ಕ್ರಮವಾಗಿ ಹೇಳು.' ಗಾಡಿಯನ್ನು ಪಕ್ಕಕ್ಕೆ ಹಾಕ್ತೀನಿ ಸಾರ್, ಕೈಬ್ರೇಕ್ ಎಳೀತೀನಿ ಸಾರ್, ಇನ್ನೊಂದು ಚಕ್ರಕ್ಕೆ ಕಲ್ಲು ಕೊಡ್ತೀನಿ ಸಾರ್. ಗಂಟಲು ಒಣಗಿಸಿಕೊಂಡು ಹೇಳುವ ಆ ಮುಖಗಳನ್ನು ನೋಡದೆ, ಕಾಗದ ನೋಡುತ್ತ ಕೇಳಿಸಿಕೊಳ್ಳುತ್ತಿದ್ದ. ಜಾಕ್ ಏರಿಸಿದ ಮೇಲೆ ನಟ್ ಸಡಿಲಿಸ್ತೀನಿ ಎಂದವರನ್ನು ಅಲ್ಲೇ ತಡೆದು, 'ಹೋಗಿ ಓದ್ಕೊಂಡು ಬಾ,' ಎನ್ನುತ್ತಿದ್ದ.

ಅವನು ಜಾಕನ್ನೇ ಮೊದಲು ಏರಿಸಿದ. ಗೊತ್ತಿಲ್ಲದೆ ಅಲ್ಲ, ಕೈಗೆ ಮೊದಲು ಸಿಕ್ಕಿದ್ದು ಜಾಕು, ಮನಸ್ಸು ಹನ್ನೊಂದು ಗಂಟೆಯ ಕೋಣೆಯಲ್ಲಿತ್ತು. ಚಕ್ರ ನೆಲ ಬಿಟ್ಟಿತು. ಸ್ಪ್ಯಾನರ್ ಹಾಕಿ ಒತ್ತಿದರೆ ನಟ್ಟಿನ ಜೊತೆ ಚಕ್ರವೇ ತಿರುಗಿತು. ಇನ್ನೊಂದು ಕೈಯಿಂದ ಚಕ್ರ ಹಿಡಿದು ಒತ್ತಿದ, ತಿರುಗಿತು. ಮೊಣಕಾಲಿನಿಂದ ಅದುಮಿ ಹಿಡಿದು ಒತ್ತಿದ, ಸ್ಪ್ಯಾನರ್ ಜಾರಿ ಮೊಣಕಾಲಿನ ಕೆಳಗೆ ಮೂಳೆಗೆ ಬಡಿಯಿತು. ವಿಚಾರಣೆಗೆಂದು ಹೆಂಡತಿ ಇಸ್ತ್ರಿ ಮಾಡಿದ ಪ್ಯಾಂಟಿನ ಮೇಲೆ ಕಪ್ಪು ಎಣ್ಣೆಯ ಗೆರೆ ಬಿತ್ತು. ಗಾಡಿಗಳು ಹೋಗುತ್ತಿದ್ದವು. ಕೆಲವರು ವೇಗ ಕಡಿಮೆ ಮಾಡಿ ನೋಡಿ, ನೋಡಿದ್ದಾಯಿತಲ್ಲ ಎಂಬಂತೆ ಮತ್ತೆ ವೇಗ ಹೆಚ್ಚಿಸಿಕೊಂಡರು. ಒಬ್ಬ ಕಿಟಕಿಯಿಂದ ತಲೆ ಹೊರಹಾಕಿ, 'ಪಂಕ್ಚರ್ರಾ ಸಾರ್?' ಎಂದು ಕೇಳಿ, ಉತ್ತರಕ್ಕೂ ಕಾಯದೆ ಹೋದ. ಅವರಲ್ಲಿ ಅರ್ಧದಷ್ಟು ಜನರ ಕಾಗದದ ಮೇಲೆ ತನ್ನದೇ ಸಹಿಯಿದೆ ಎಂಬುದು ಅವನಿಗೆ ಗೊತ್ತಿತ್ತು. ಎಲ್ಲರೂ ಪಟ್ಟಿಯನ್ನು ಅಚ್ಚುಕಟ್ಟಾಗಿ ತಪ್ಪಿಸುತ್ತಿದ್ದರು, ಒಬ್ಬನಾದರೂ ಗೆರೆ ಮುಟ್ಟಲಿಲ್ಲ.

ಸರಕು ಸಾಗಿಸುವ ಗಾಡಿಯ ಪರವಾನಗಿಗೆ ಪರೀಕ್ಷೆಯ ಹಾಳೆಯಲ್ಲಿ ಇಪ್ಪತ್ತೇಳು ಕಲಮುಗಳು. ಹತ್ತೊಂಬತ್ತನೆಯದು: 'ಸರಕು ಕಟ್ಟುವಿಕೆ, ಹಗ್ಗ ಎಳೆದು ಪರೀಕ್ಷಿಸಲಾಗಿದೆ.' ಮೈದಾನದ ಮೂಲೆಯಲ್ಲಿ ಒಂದು ಹಳೆಯ ಲಾರಿ ನಿಂತಿರುತ್ತದೆ, ಅದರ ಮೇಲೆ ಮರಳಿನ ಚೀಲ ಮತ್ತು ಬೊಂಬು. ಅಭ್ಯರ್ಥಿ ಅದನ್ನು ಹಗ್ಗದಿಂದ ಬಿಗಿಯಬೇಕು, ಪರೀಕ್ಷಕ ಸುತ್ತ ಬಂದು ಒಂದೊಂದೇ ಗಂಟನ್ನು ಎಳೆದು ನೋಡಬೇಕು. ಹೊಸದರಲ್ಲಿ ಅವನು ಎಳೆಯುತ್ತಿದ್ದ, ಅಂಗೈ ಕೆಂಪಾಗುವಂತೆ ಎಳೆಯುತ್ತಿದ್ದ. ನಾಲ್ಕು ವರ್ಷದ ಹಿಂದೆ ಮೈದಾನದ ಗೇಟಿನ ಚಿಲಕ ಮುರಿದಾಗ ಕಾವಲುಗಾರ ಆ ಹಗ್ಗದಿಂದ ಗೇಟು ಕಟ್ಟಿದ. ಚಿಲಕ ಬಂತು, ಹಗ್ಗ ಎಲ್ಲಿ ಹೋಯಿತೋ ಯಾರಿಗೂ ತಿಳಿಯಲಿಲ್ಲ. ಹೊಸ ಹಗ್ಗ ಬೇಕೆಂದು ಪರೀಕ್ಷಕನೇ ಉಗ್ರಾಣಕ್ಕೆ ಬರೆದ. ಎಷ್ಟು ಉದ್ದ ಎಂದು ಕೇಳಿ ಕಾಗದ ಬಂತು. ಉದ್ದ ಬರೆದು ಕಳಿಸಿದ. ಎಷ್ಟು ದಪ್ಪ ಎಂದು ಬಂತು. ದಪ್ಪ ಬರೆದು ಕಳಿಸಿದ. ಹಿಂದಿನ ಹಗ್ಗ ಏನಾಯಿತೆಂದು ವಿವರಣೆ ಕೊಡಿ ಎಂದು ಬಂತು. ಅಲ್ಲಿಗೆ ಅವನು ಸುಮ್ಮನಾದ. ಅಷ್ಟರೊಳಗೆ ಆರು ಜನರ ಹಾಳೆಯಲ್ಲಿ ಹತ್ತೊಂಬತ್ತನೆಯ ಕಲಮನ್ನು ಖಾಲಿ ಬಿಟ್ಟಿದ್ದ, ಪ್ರಾಮಾಣಿಕವಾಗಿಯೇ ಬಿಟ್ಟಿದ್ದ. ಆರೂ ಹಾಳೆ ಮುಖ್ಯ ಕಚೇರಿಯಿಂದ ವಾಪಸು ಬಂದವು: ಖಾಲಿ ಕಲಮಿರುವ ಹಾಳೆಗಳನ್ನು ಸ್ವೀಕರಿಸಲಾಗುವುದಿಲ್ಲ. ಗುಮಾಸ್ತ ಅವನ್ನು ಮೇಜಿನ ಮೇಲಿಟ್ಟು, 'ಒಂದು ಗುರುತು ತಾನೇ ಸಾರ್,' ಎಂದ. ಮೊದಲನೆಯ ಗುರುತು ಹಾಕುವಾಗ ಪೆನ್ನು ಕಾಗದದ ಮೇಲೆ ಸ್ವಲ್ಪ ತಡೆಯಿತು. ಎರಡನೆಯದಕ್ಕೆ ತಡೆಯಲಿಲ್ಲ. ಆಮೇಲೆ ಹದಿನೆಂಟೂ ಇಪ್ಪತ್ತೂ ಇರುವಂತೆ ಹತ್ತೊಂಬತ್ತೂ ಇತ್ತು, ಕೈ ತಾನಾಗಿ ಹೋಗಿ ಬರುತ್ತಿತ್ತು.

ಇವತ್ತಿನ ವಿಚಾರಣೆ ಒಬ್ಬ ಹುಡುಗಿಯ ಸಾವಿನದು, ಅವಳು ದಾದಿಯಾಗಿದ್ದಳು. ಮುಂಜಾನೆಯ ಪಾಳಿಗೆಂದು ಸ್ಕೂಟರಿನಲ್ಲಿ ಆಸ್ಪತ್ರೆಗೆ ಹೋಗುತ್ತಿದ್ದಾಗ ಮುಂದಿನ ಲಾರಿಯಿಂದ ಕಬ್ಬಿಣದ ಕೊಳವೆಗಳು ಜಾರಿದವು. ತಾನು ಕೆಲಸ ಮಾಡುವ ವಾರ್ಡಿನಲ್ಲೇ ಹನ್ನೆರಡು ದಿನ ಮಲಗಿ ತೀರಿಕೊಂಡಳು. ಲಾರಿಯವನಿಗೆ ಪರವಾನಗಿ ಸಿಕ್ಕಿ ಎಂಟು ತಿಂಗಳಾಗಿತ್ತು. ಗುಮಾಸ್ತ ಪರೀಕ್ಷೆಯ ಹಾಳೆಯನ್ನು ಹುಡುಕಿ ತೆಗೆದು, ಮೇಜಿನ ಮೇಲೆ ಬಿಡಿಸಿಟ್ಟು, ನಿಟ್ಟುಸಿರು ಬಿಟ್ಟು ನಕ್ಕಿದ್ದ. 'ಪುಣ್ಯ ಸಾರ್, ಗುರುತಿದೆ. ಕೈಯಾರೆ ಎಳೆದು ನೋಡಿದೆ ಅಂದ್ಬಿಡಿ. ಪರೀಕ್ಷೆಯಲ್ಲಿ ಸರಿಯಾಗಿ ಕಟ್ಟಿದವನು ರಸ್ತೇಲಿ ಕಟ್ಟಲಿಲ್ಲ ಅಂದ್ರೆ ತಪ್ಪು ಅವನದೇ. ಒಳಗೆ ಹೋಗ್ತಾನೆ. ನಿಮಗೆ ನಿವೃತ್ತಿಗೆ ಹದಿನಾಲ್ಕು ತಿಂಗಳು.' ಮಾತು ಎಷ್ಟು ನೇರವಾಗಿತ್ತು ಎಂದರೆ ಅದರಲ್ಲಿ ಪಾಪ ಎಲ್ಲಿದೆ ಎಂದು ಹುಡುಕಬೇಕಾಗಿತ್ತು. ಅವನು ಹುಡುಕಿದ್ದ, ರಾತ್ರಿಗಳಲ್ಲಿ, ಹಲ್ಲುಜ್ಜುವಾಗ, ಬೇರೆಯವರ ಹಾಳೆಯಲ್ಲಿ ಅದೇ ಗುರುತು ಹಾಕುವಾಗ. ಹೌದು, ಆ ಅಪಘಾತದ ಮರುವಾರವೂ ಹಾಕಿದ್ದ. ಹಾಕದಿದ್ದರೆ ಆ ವಾರದಿಂದ ಯಾಕೆ ಹಾಕಲಿಲ್ಲ ಎಂದು ಯಾರಾದರೂ ಕೇಳುತ್ತಾರಲ್ಲ.

ಬಿಳಿ ವ್ಯಾನೊಂದು ಪಟ್ಟಿಯನ್ನು ದಾಟಿ ನಿಂತಿತು. ನಾಲ್ಕೂ ದೀಪ ಮಿಣುಕಿದವು. ಮೂವತ್ತೈದರ ಆಸುಪಾಸಿನ ಹೆಂಗಸು ಇಳಿದಳು, ತೋಳು ಮಡಿಸಿದ ನೀಲಿ ಅಂಗಿ, ಅದರ ಜೇಬಿನ ಮೇಲೆ ಒಂದು ಲಾಂಡ್ರಿಯ ಹೆಸರು. ಇವನ ಕಡೆ ಬರುತ್ತಾಳೆಂದುಕೊಂಡರೆ ಬರಲಿಲ್ಲ. ಎರಡೂ ಕಡೆ ನೋಡಿ, ಕೈ ಅಡ್ಡ ಹಿಡಿದು ಒಂದು ಬಸ್ಸನ್ನು ನಿಲ್ಲಿಸಿ, ನಡುರಸ್ತೆಗೆ ಹೋಗಿ ಪಟ್ಟಿಯನ್ನು ಎತ್ತಿಕೊಂಡಳು. ಪಕ್ಕಕ್ಕೆ ತಂದು ಕಲ್ಲಿನಿಂದ ಮೂರೂ ಮೊಳೆಯನ್ನು ಬಡಿದು ಮಲಗಿಸಿ ತನ್ನ ವ್ಯಾನಿನೊಳಗೆ ಹಾಕಿದಳು. ಎಲ್ಲ ಸೇರಿ ಒಂದು ನಿಮಿಷವಾಗಿರಬಹುದು.

'ಮೊದಲು ಅದು ಸಾರ್, ಆಮೇಲೆ ನಿಮ್ದು,' ಎನ್ನುತ್ತ ಬಂದಳು. ಹತ್ತಿರ ಬಂದವಳು ಅವನ ಮುಖ ನೋಡಿ ನಿಂತಳು. 'ಅಯ್ಯೋ, ನೀವಾ ಸಾರ್. ನಮಸ್ಕಾರ. ಗುರುತು ಸಿಗ್ಲಿಲ್ವಾ? ದೊಡ್ಡ ಗಾಡಿ ಲೈಸೆನ್ಸಿಗೆ ಮೂರು ಸಲ ಫೇಲ್ ಮಾಡಿದ್ರಲ್ಲ ನನ್ನ.' ಹಳೆಯ ನೆಂಟಸ್ತಿಕೆಯನ್ನು ನೆನಪಿಸುವವಳಂತೆ ಹೇಳಿದಳು.

ಗುರುತು ಸಿಗಲಿಲ್ಲ ಎಂದು ತಲೆಯಾಡಿಸಿದ. ಅವಳಿಗೇನೂ ಬೇಸರವಾದಂತೆ ಕಾಣಲಿಲ್ಲ. ಬಗ್ಗಿ ಜಾಕ್ ನೋಡಿದಳು, ಮೇಲೆದ್ದಿದ್ದ ಚಕ್ರ ನೋಡಿದಳು, ಬಿಗಿಯಾಗಿ ಕೂತಿದ್ದ ನಟ್ಟುಗಳನ್ನು ನೋಡಿದಳು. ಏನೂ ಹೇಳಲಿಲ್ಲ. ಹೇಳದೇ ಇದ್ದುದೇ ಅವನಿಗೆ ಕಪಾಳಕ್ಕೆ ಹೊಡೆದಂತಾಯಿತು. ಜಾಕ್ ಇಳಿಸಿದಳು, ಹಿಂದಿನ ಚಕ್ರಕ್ಕೆ ಎರಡು ಕಲ್ಲು ಕೊಟ್ಟಳು, ಸ್ಪ್ಯಾನರ್ ಸಿಕ್ಕಿಸಿ ಕಾಲಿನಿಂದ ತುಳಿದು ಒಂದೊಂದೇ ನಟ್ಟನ್ನು ಸಡಿಲಿಸಿದಳು. ಆಮೇಲೆ ಜಾಕ್. ಅವನು ಇಪ್ಪತ್ತೆರಡು ವರ್ಷ ಬಾಯಿಯಿಂದ ಕೇಳಿಸಿಕೊಂಡಿದ್ದು ಮೊದಲ ಸಲ ಕಣ್ಣೆದುರು ನಡೆಯುತ್ತಿತ್ತು, ಮತ್ತು ಅದು ಕೇಳಿಸಿಕೊಂಡಿದ್ದಕ್ಕಿಂತ ಬಹಳ ಚಿಕ್ಕ ಕೆಲಸವಾಗಿತ್ತು.

'ಕ್ರಮ ಸರಿ ಇದ್ಯಾ ಸಾರ್?' ತಲೆ ಎತ್ತದೆ ಕೇಳಿದಳು. ನಗುತ್ತಿದ್ದಳು.

'ಸರಿ ಇದೆ.'

'ಮೊದಲ್ನೇ ಸಲ ಕಲ್ಲು ಕೊಡೋದು ಮರ್ತೆ. ಎರಡ್ನೇ ಸಲ ಕೈ ತೋರಿಸೋದು ಮರ್ತೆ. ಮೂರ್ನೇ ಸಲ ಎಲ್ಲಾ ಸರಿ ಇತ್ತು, ರಿವರ್ಸಲ್ಲಿ ಗೆರೆ ಮುಟ್ಟಿದೆ.'

ರಿವರ್ಸ್ ಎಂದ ಕೂಡಲೇ ಅವನಿಗೆ ಅವಳು ನೆನಪಾದಳು. ಮುಖವಲ್ಲ, ದನಿ. ಕಳೆದ ವರ್ಷದ ಮಾತು. ಬಿಸಿಲು ನೆತ್ತಿಗೇರಿತ್ತು, ಹತ್ತು ಹನ್ನೆರಡು ಗಂಡಸರು ಸಾಲಾಗಿ ನಿಂತಿದ್ದರು, ನಡುವೆ ಒಬ್ಬಳೇ ಹೆಂಗಸು. ಎಲ್ಲರೂ ಹಳೆಯ ಲಾರಿಯ ಮುಂದೆ ಹಾದು ಸುಮ್ಮನೆ ಹೋಗುತ್ತಿದ್ದರು, ಅವನು ತಗಡಿನ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಹತ್ತೊಂಬತ್ತಕ್ಕೆ ಗುರುತು ಹಾಕುತ್ತಿದ್ದ. ಅವಳು ಮಾತ್ರ ಲಾರಿಯ ಮುಂದೆ ನಿಂತು, ಸುತ್ತ ಒಮ್ಮೆ ಹುಡುಕಿ, ಗಟ್ಟಿಯಾಗಿ ಕೇಳಿದ್ದಳು, 'ಹಗ್ಗ ಎಲ್ಲಿ ಸಾರ್? ಹೆಂಗೆ ಕಟ್ಟೋದು?' ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅವನ ಕಿವಿ ಬಿಸಿಯಾಯಿತು. 'ಮುಂದೆ ಹೋಗು,' ಎಂದ. ಅವಳು ಮುಂದೆ ಹೋಗಿ, ಲಾರಿಯನ್ನು ಗೆರೆಗಳ ನಡುವೆ ಹಿಂದಕ್ಕೆ ತೆಗೆದುಕೊಂಡಳು. ಅವನು ಕುರ್ಚಿಯಿಂದಲೇ ನೋಡಿದ. ಚಕ್ರಕ್ಕೂ ಗೆರೆಗೂ ನಡುವೆ ಒಂದು ಗೇಣು ಜಾಗವಿತ್ತು. ಆ ಗೇಣು ಈಗ, ಈ ರಸ್ತೆಯ ಪಕ್ಕದಲ್ಲಿ, ಅವನ ಕಣ್ಣಿಗೆ ಎಷ್ಟು ಸ್ಪಷ್ಟವಾಗಿ ಕಾಣುತ್ತಿತ್ತೆಂದರೆ ಅದರಲ್ಲಿ ಬಿದ್ದಿದ್ದ ಒಂದು ಒಣ ಕಡ್ಡಿಯೂ ಕಂಡಿತು. ಅವನು ಹಾಳೆ ನೋಡಿಕೊಂಡು, 'ಗೆರೆ ಮುಟ್ಟಿದೆ,' ಎಂದಿದ್ದ.

ಒಬ್ಬಳು ಇದ್ದಾಳೆ, ಎಂದುಕೊಂಡ. ಹಗ್ಗ ಎಲ್ಲಿ ಎಂದು ಎಲ್ಲರ ಮುಂದೆ ಕೇಳಿದವಳು ಒಬ್ಬಳು ಇದ್ದಾಳೆ. ಇವಳನ್ನು ಯಾರಾದರೂ ಕರೆದು ಕೇಳಿದರೆ? ಯಾರೂ ಕೇಳುವುದಿಲ್ಲ, ಇವಳ ಹೆಸರು ಈ ವಿಚಾರಣೆಯ ಯಾವ ಕಾಗದದಲ್ಲೂ ಇಲ್ಲ. ಆದರೂ ತನ್ನ ಚಕ್ರ ಬಿಚ್ಚುತ್ತಿರುವ ಹೆಂಗಸಿನ ಬೆನ್ನು ನೋಡುತ್ತ, ಇವಳು ಇಲ್ಲದಿದ್ದರೆ ಚೆನ್ನಾಗಿತ್ತು ಎಂದುಕೊಳ್ಳುತ್ತಿದ್ದೇನೆಂದು ತಿಳಿದು ನಾಲಿಗೆ ಕಚ್ಚಿಕೊಂಡ.

'ಅವತ್ತು ನೀನು ಏನೋ ಕೇಳಿದ್ದೆ, ಅಲ್ವಾ,' ಎಂದ. ದನಿ ಸಹಜವಾಗಿರಲೆಂದು ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡ.

'ಹಗ್ಗದ ವಿಷ್ಯಾನಾ?' ಅವಳು ಪಂಕ್ಚರಾದ ಚಕ್ರವನ್ನು ಎಳೆದು ಪಕ್ಕಕ್ಕೆ ಒರಗಿಸಿದಳು. 'ಬಾಯಿಬಡುಕಿ ಸಾರ್ ನಾನು. ಅಷ್ಟು ಜನರ ಮುಂದೆ ಕೇಳಬಾರ್ದಿತ್ತು. ಹಗ್ಗ ಒಳಗಡೆ ಇಟ್ಟಿರ್ತೀರಿ, ನನಗೇ ತಾಳ್ಮೆ ಇಲ್ಲ. ಆಮೇಲೆ ಬಹಳ ಬೇಜಾರಾಯ್ತು. ನಮ್ಮನೆಯವರೂ ಬೈದ್ರು.'

ಅವನು ಕರವಸ್ತ್ರ ಮಡಿಸಿ ಜೇಬಿಗಿಟ್ಟ, ಅವಳು ಸ್ಟೆಪ್ನಿಯನ್ನು ಸಿಕ್ಕಿಸಿದಳು.

'ಗೆರೆ ಮುಟ್ಟಿದ್ದು ನನಗೆ ಗೊತ್ತೇ ಆಗ್ಲಿಲ್ಲ ಸಾರ್, ಅದೇ ಭಯ. ಗೊತ್ತಾಗಿದ್ರೆ ತಿದ್ದಿಕೊಳ್ಳಬಹುದು. ಗೊತ್ತೇ ಆಗದ ಹಾಗೆ ಗೆರೆ ಮುಟ್ತೀನಿ ಅಂದ್ರೆ ನಾಳೆ ದೊಡ್ಡ ಗಾಡೀಲಿ ಯಾರನ್ನು ಮುಟ್ತೀನೋ ಅಂತ. ಅದಕ್ಕೇ ನಾಲ್ಕನೇ ಸಲ ಬಂದಿಲ್ಲ. ಪ್ರತಿ ಭಾನುವಾರ ಖಾಲಿ ಮೈದಾನದಲ್ಲಿ ಗೆರೆ ಎಳೆದು ಹಿಂದಕ್ಕೆ ತಗೋತೀನಿ. ನಮ್ಮನೆಯವರು ಹಿಂದೆ ನಿಂತು ನೋಡ್ತಾರೆ. ಮುಟ್ಟಿಲ್ಲ ಕಣೆ, ಒಂದು ಗೇಣು ಬಿಟ್ಟಿದ್ದೀಯ ಅಂತಾರೆ. ನಾನು ನಂಬಲ್ಲ. ಹೆಂಡತಿ ಅಂತ ಹೇಳ್ತಾರೆ ಅಷ್ಟೇ. ನಿಮ್ಮ ಕಣ್ಣು ಬೇರೆ, ಅವರ ಕಣ್ಣು ಬೇರೆ.'

ನಟ್ಟುಗಳನ್ನು ಎದುರುಬದುರಾಗಿ ಬಿಗಿದು, ಜಾಕ್ ಇಳಿಸಿ, ಮತ್ತೊಮ್ಮೆ ತುಳಿದು ನೋಡಿದಳು. ಪ್ರತಿಯೊಂದನ್ನೂ ನೋಡಿದಳು. ಒಂದು ವರ್ಷದಿಂದ ಪ್ರತಿ ಭಾನುವಾರ, ಎಂದು ಲೆಕ್ಕ ಹಾಕುತ್ತಿದ್ದ ಅವನು, ಐವತ್ತು ಭಾನುವಾರ. ನೀನು ಗೆರೆ ಮುಟ್ಟಿರಲಿಲ್ಲ ಎಂಬ ಮೂರು ಪದ ಸಾಕಿತ್ತು. ಆ ಮೂರು ಪದ ಗಂಟಲಿನವರೆಗೆ ಬಂದವು, ಅಲ್ಲಿ ಅವಕ್ಕಿಂತ ಮೊದಲೇ ಬಂದು ಕೂತಿದ್ದ 'ಕೈಯಾರೆ ಎಳೆದು ಪರೀಕ್ಷಿಸಿದ್ದೇನೆ' ದಾರಿ ಬಿಡಲಿಲ್ಲ. ಒಂದು ಸುಳ್ಳನ್ನು ಸಡಿಲಿಸಿದರೆ ಇನ್ನೊಂದು ನಿಲ್ಲುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಅವಳು ಕೈ ಒರೆಸಿಕೊಳ್ಳಲು ತನ್ನ ವ್ಯಾನಿನಿಂದ ಒಂದು ಹಳೆಯ ಟವೆಲು ತಂದು, ಮೊದಲು ಅವನಿಗೆ ಕೊಟ್ಟಳು. ಅವನ ಕೈ ಅವಳದರಷ್ಟು ಕೊಳೆಯಾಗಿರಲಿಲ್ಲ, ಆದರೂ ಒರೆಸಿಕೊಂಡ.

'ಬರ್ತೀನಿ ಸಾರ್. ಪಂಕ್ಚರ್ ಇವತ್ತೇ ಹಾಕಿಸ್ಬಿಡಿ, ಸ್ಟೆಪ್ನಿ ಇಲ್ದೆ ಓಡಾಡ್ಬೇಡಿ. ಇನ್ನೊಂದು ಆರು ತಿಂಗಳು ಕಲಿತು ಬರ್ತೀನಿ, ಆಗ ನೀವೇ ಇರ್ತೀರಿ ತಾನೇ?'

'ಇರ್ತೀನಿ,' ಎಂದ. ವ್ಯಾನು ಕೈ ತೋರಿಸಿ, ಕನ್ನಡಿ ನೋಡಿ, ರಸ್ತೆಗೆ ಸೇರಿಕೊಂಡಿತು. ಅದು ತಿರುವಿನಲ್ಲಿ ಮರೆಯಾದ ಮೇಲೆ, 'ನೀನು ಮುಟ್ಟಿರ್ಲಿಲ್ಲ,' ಎಂದು ಬಾಯಿಬಿಟ್ಟು ಹೇಳಿದ. ಕೇಳುವವರು ಯಾರೂ ಇಲ್ಲದಾಗ ಹೇಳುವುದು ನೀರು ಕುಡಿದಷ್ಟು ಸುಲಭವಾಗಿತ್ತು, ಅದಕ್ಕೇ ಅದರ ಮೇಲೆ ಅಸಹ್ಯವಾಯಿತು.

ಹನ್ನೊಂದೂಕಾಲಕ್ಕೆ ಕೋಣೆಯ ಬಾಗಿಲು ತಳ್ಳಿದ. ಉದ್ದ ಮೇಜು, ಆರು ಕುರ್ಚಿ, ಒಂದು ಫ್ಯಾನು. ವಿಚಾರಣಾಧಿಕಾರಿ ಅವನಿಗಿಂತ ಹದಿನೈದು ವರ್ಷ ಚಿಕ್ಕವನು, ನೆಗಡಿಯಾಗಿತ್ತು, ಮರ್ಯಾದಸ್ಥ. 'ಪರವಾಗಿಲ್ಲ, ಕೂತ್ಕೊಳ್ಳಿ, ಹೀಗೇ ಆಗೋದು, ಇದಕ್ಕೆ ಜಾಸ್ತಿ ಹೊತ್ತು ಬೇಡ,' ಎಂದ. ಗೋಡೆಯ ಬದಿಗೆ ಗುಮಾಸ್ತ ಕಡತ ಹಿಡಿದು ಕೂತಿದ್ದ, ಕಣ್ಣಿನಲ್ಲೇ ಧೈರ್ಯ ಹೇಳಿದ. ಎದುರಿಗೆ ಲಾರಿಯವನು. ನೀರು ಹಚ್ಚಿ ಬಾಚಿದ ತಲೆ, ಯಾರದೋ ಅಳತೆಯ ಅಂಗಿ, ಮೊಣಕಾಲಿನ ಮೇಲೆ ಎರಡೂ ಕೈ. ಮೇಜಿನ ತುದಿಯಲ್ಲಿ ದಾದಿಯ ತಂದೆ. ಮುದುಕನ ಕಸುಬು ಗಡಿಯಾರ ರಿಪೇರಿಯಂತೆ. ಎಲ್ಲರೂ ಮಾತಾಡುವಾಗ ಅವರ ಬಾಯಿಯನ್ನೇ ಹತ್ತಿರದಿಂದ, ಒಂದು ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಿದ್ದ.

ಅಧಿಕಾರಿ ಲಾರಿಯವನನ್ನೇ ಮೊದಲು ಕೇಳಿದ. ಪರೀಕ್ಷೆಯ ದಿನ ಸರಕು ಕಟ್ಟುವುದನ್ನು ಪರೀಕ್ಷಿಸಿದ್ದರೇ?

'ಹೌದು ಸಾರ್,' ಎಂದ ಅವನು. 'ನಾನು ಕಟ್ಟಿದೆ. ಸಾಹೇಬ್ರು ಬಂದು ಎಳೆದು ನೋಡಿದ್ರು. ಎರಡು ಸಲ ಎಳೆದ್ರು.'

ಗುಮಾಸ್ತ ಹೇಳಿಕೊಟ್ಟಿದ್ದಾನೆಯೇ ಎಂದು ಪರೀಕ್ಷಕ ಅವನತ್ತ ನೋಡಿದ, ಗುಮಾಸ್ತನಿಗೂ ಆಶ್ಚರ್ಯವಾಗಿತ್ತು. ಲಾರಿಯವನ ಮುಖದಲ್ಲಿ ಸುಳ್ಳಿನ ಕಳೆ ಇರಲಿಲ್ಲ. ಪರೀಕ್ಷೆಯಲ್ಲಿ ಲೋಪವಿತ್ತೆಂದರೆ ತನ್ನ ಪರವಾನಗಿಯೂ ಸುಳ್ಳಾದೀತು, ಅದೊಂದು ಅಪರಾಧವೂ ಮೇಲೆ ಬಿದ್ದೀತು ಎಂದು ಹೆದರಿ ಮೊದಲು ಹೇಳಿರಬಹುದು. ಹೇಳಿ ಹೇಳಿ ಈಗ ಅವನಿಗೆ ಅದು ಕಣ್ಣಿಗೆ ಕಟ್ಟಿದಂತೆ ಕಾಣುತ್ತಿರಬೇಕು, ತಾನು ಬಿಗಿದ ಗಂಟು, ಸಾಹೇಬರ ಕೈ. ಹಾಳೆಯಲ್ಲಿ ಗುರುತಿದೆ, ಅಂದ ಮೇಲೆ ಎಳೆದಿರಬೇಕು. ಅಲ್ಲಿಗೆ ಎಲ್ಲ ಮುಗಿದಿತ್ತು. ಜೈಲಿಗೆ ಹೋಗುವವನೇ ಬಂದು ಇವನನ್ನು ಬಿಡಿಸಿದ್ದ. ಇನ್ನು 'ಹೌದು' ಎಂದು ತಲೆಯಾಡಿಸಿದರೆ ಸಾಕು. ತಿಂಗಳಿಂದ ಬಾಯಿಪಾಠ ಮಾಡಿಕೊಂಡ ಮಾತನ್ನೂ ಆಡಬೇಕಾಗಿಲ್ಲ. ನನ್ನ ಕಣ್ಣು ನೋಡಿದ್ದನ್ನು ನಾನು ನಂಬುವುದಿಲ್ಲ, ನಿಮ್ಮ ಕಾಗದವನ್ನು ನಂಬುತ್ತೇನೆ ಎಂದು ಒಂದೇ ದಿನ ಇಬ್ಬರು ಅವನಿಗೆ ಹೇಳಿದ್ದರು.

ಅಧಿಕಾರಿ ಅವನ ಕಡೆ ತಿರುಗಿದ. 'ನೀವು ಹೇಳೋದೂ ಅದೇ ತಾನೇ?'

ಅವನು ಉತ್ತರ ಕೊಡಬೇಕಿತ್ತು. ಆದರೆ ಬಾಯಿಂದ ಬಂದದ್ದು ಪ್ರಶ್ನೆ, ಮೈದಾನದ ದನಿಯಲ್ಲಿ, ಎದುರಿಗಿದ್ದವನಿಗೆ. 'ಯಾವ ಬಣ್ಣದ ಹಗ್ಗ?'

ಲಾರಿಯವನು ಅಭ್ಯಾಸಬಲದಿಂದ ಎದ್ದು ನಿಂತ. ಕೈಗಳು ಪಕ್ಕಕ್ಕೆ ಬಂದವು. 'ಹಳದಿ ಸಾರ್,' ಎಂದ. ಪರೀಕ್ಷಕನ ಮುಖ ನೋಡಿದ, ಅಲ್ಲಿ ಏನು ಕಂಡಿತೋ. 'ಅಲ್ಲ ಸಾರ್, ನೀಲಿ. ನೀಲಿ ಹಗ್ಗ.' ಎರಡರಲ್ಲಿ ಯಾವುದು ಸರಿ ಎಂದು ತಿಳಿಯಲು ಕಾದು ನಿಂತ. ಫೇಲಾಗುವವರ ಮುಖ ಹೀಗಿರುತ್ತದೆ ಎಂದು ಅವನಿಗೆ ಇಪ್ಪತ್ತೆರಡು ವರ್ಷದಲ್ಲಿ ಗೊತ್ತಾಗಿರಲಿಲ್ಲ, ಆಗೆಲ್ಲ ಅವನು ಹಾಳೆ ನೋಡುತ್ತಿದ್ದ.

'ಎರಡೂ ಅಲ್ಲ,' ಎಂದ. 'ಹಗ್ಗ ಇರಲಿಲ್ಲ.'

ಗುಮಾಸ್ತ ಕೆಮ್ಮಿದ. ಅಧಿಕಾರಿ ಮೂಗು ಒರೆಸಿಕೊಂಡು, 'ಅವತ್ತು ಒಂದಿನ ಇರಲಿಲ್ಲ ಅಂತ ತಾನೇ?' ಎಂದು ಕೇಳಿದ.

'ನಾಲ್ಕು ವರ್ಷದಿಂದ ಇಲ್ಲ. ಇವತ್ತೂ ಇಲ್ಲ. ನಾನು ಯಾರದನ್ನೂ ಎಳೆದು ನೋಡಿಲ್ಲ. ಗುರುತು ಹಾಕಿದ್ದೀನಿ.'

ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದ. ಒಳ್ಳೆಯ ಮನುಷ್ಯ, ದನಿ ಇನ್ನಷ್ಟು ಮೃದುವಾಯಿತು. 'ನೋಡಿ, ದಾರೀಲಿ ತೊಂದ್ರೆ ಆಯ್ತು, ಬಿಸಿಲಲ್ಲಿ ಬಂದಿದ್ದೀರಿ. ನಾನಿನ್ನೂ ಏನೂ ಬರ್ಕೊಂಡಿಲ್ಲ. ಊಟ ಮಾಡಿ, ಒಂದು ಗಳಿಗೆ ಕೂತು ಯೋಚನೆ ಮಾಡಿ, ಮೂರು ಗಂಟೆಗೆ ಹೇಳಿ.'

'ಈಗಲೇ ಬರ್ಕೊಳ್ಳಿ,' ಎಂದ. ಮೂರು ಗಂಟೆಯವರೆಗೆ ಈ ಮಾತು ತನ್ನಲ್ಲಿ ಉಳಿದಿರುತ್ತದೆಂಬ ನಂಬಿಕೆ ಅವನಿಗಿರಲಿಲ್ಲ. ಹಗುರವಾಗಬಹುದು ಎಂದುಕೊಂಡಿದ್ದ, ಆಗಲಿಲ್ಲ. ಹೆಂಡತಿಗೆ ಏನು ಹೇಳುವುದು ಎಂಬ ಯೋಚನೆ ಆಗಲೇ ಶುರುವಾಗಿತ್ತು.

ಲಾರಿಯವನು ಇನ್ನೂ ನಿಂತೇ ಇದ್ದ. ಅವನಿಗೆ ಇದರಿಂದ ಒಳ್ಳೆಯದಾಯಿತೋ ಕೆಟ್ಟದಾಯಿತೋ ತಿಳಿದಂತಿರಲಿಲ್ಲ. 'ಹಾಗಾದ್ರೆ ನಾನು ಪಾಸಾಗಿಲ್ವಾ ಸಾರ್?' ಎಂದು ಕೇಳಿದ. ಆಮೇಲೆ ಮೆಲ್ಲಗೆ ಕೂತ. ಕೂತವನ ಭುಜ ಅಲುಗತೊಡಗಿತು, ಸದ್ದಿರಲಿಲ್ಲ.

ಮುದುಕ ಅಲ್ಲಿಯವರೆಗೆ ಒಂದು ಮಾತೂ ಆಡಿರಲಿಲ್ಲ. ಕುರ್ಚಿಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡು, ಪರೀಕ್ಷಕನ ಬಾಯಿಯನ್ನು ಅದೇ ಕಿರಿದು ಮಾಡಿದ ಕಣ್ಣಿನಿಂದ ನೋಡಿದ. ಬೈಯುತ್ತಾನೆ ಎಂದುಕೊಂಡ ಇವನು. ಬೈದರೆ ಎಷ್ಟೋ ವಾಸಿ.

'ಎಷ್ಟು ಜನಕ್ಕೆ ಹಾಕಿದ್ರಿ?' ಎಂದ ಮುದುಕ.

'ಏನು?'

'ಗುರುತು. ಈ ನಾಲ್ಕು ವರ್ಷದಲ್ಲಿ.'

ಅವನು ವಾರಕ್ಕೆ ಎರಡು ದಿನ ಎಂದುಕೊಂಡ, ದಿನಕ್ಕೆ ಹತ್ತೋ ಹನ್ನೆರಡೋ, ಅದರಲ್ಲಿ ಗೆರೆ ಮುಟ್ಟಿದವರನ್ನು ಕಳೆದ. 'ಎರಡು ಸಾವಿರಕ್ಕೆ ಕಡಿಮೆ ಇಲ್ಲ,' ಎಂದ.

'ಅವರೆಲ್ಲ ಈಗ ಎಲ್ಲಿದ್ದಾರೆ?'

ಅವನು ಕಿಟಕಿಯ ಕಡೆಗೆ ನೋಡಿದ. ಕೆಳಗಿನಿಂದ ಹಾರ್ನುಗಳ ಸದ್ದು ಬರುತ್ತಿತ್ತು, ಬೆಳಿಗ್ಗೆಯಿಂದ ಬರುತ್ತಲೇ ಇದ್ದಿರಬೇಕು.

'ರಸ್ತೆ ಮೇಲೆ,' ಎಂದ.

ಮುದುಕ ತಲೆಯಾಡಿಸಿದ. ಆಮೇಲೆ ಅಂಗಿಯ ಜೇಬಿನಿಂದ ಫೋನು ತೆಗೆದು, ಕಣ್ಣಿನ ಹತ್ತಿರ ಹಿಡಿದು, ಒಂದೊಂದೇ ಅಂಕಿ ಒತ್ತಿದ. 'ಚಿಕ್ಕ ಮಗಳು,' ಎಂದು ಅಧಿಕಾರಿಗೆ ಹೇಳಿದ, ಅಪ್ಪಣೆ ಕೇಳುವವನಂತೆ. 'ನನ್ನ ಕರ್ಕೊಂಡು ಹೋಗೋಕೆ ಸ್ಕೂಟರ್‌ನಲ್ಲಿ ಬರ್ತೀನಿ ಅಂದಿದ್ಲು. ಬರಬೇಡ, ನಡೆದೇ ಬರ್ತೀನಿ ಅಂತ ಹೇಳ್ಬಿಡ್ತೀನಿ.' ಫೋನನ್ನು ಕಿವಿಗಿಟ್ಟುಕೊಂಡ. ಅದರ ರಿಂಗಿನ ಸದ್ದು ಮೇಜಿನ ಈ ತುದಿಗೂ ಸಣ್ಣಗೆ ಕೇಳುತ್ತಿತ್ತು. ಅದು ಕೊನೆಯವರೆಗೆ ಬಡಿದುಕೊಂಡು ನಿಂತಿತು. ಮುದುಕ ಮತ್ತೆ ಒತ್ತಿದ, ಮತ್ತೆ ಎಲ್ಲರೂ ಕಾದರು.

'ಎತ್ತುತ್ತಿಲ್ಲ,' ಎಂದು ಮುದುಕ ಪರೀಕ್ಷಕನಿಗೇ ಹೇಳಿದ. 'ಹೊರಟುಬಿಟ್ಟಿದ್ದಾಳೆ.'